ಎರಡನೇ ಅಪೀಲಿಗೆ ಬೇಲಿ ಇರಲಿ, ಮೊದಲನೆಯದಕ್ಕೆ ಪುರುಸೊತ್ತು ಸಿಗಲಿ

ಸಿವಿಲ್ ಕೇಸಿನಲ್ಲಿ ಸೋತವನು ಕೋರ್ಟ್ ಹಾಲಿನಿಂದ ಹೊರಗೆ ಬಂದು ಆಡುವ ಮೊದಲ ಮಾತು, ‘ಮ್ಯಾಲಿನ ಕೋರ್ಟಿಗೆ ಹೋಗ್ತೀನಿ.’ ಹಾವೇರಿ ಸೀಮೆಯ ತಾಲ್ಲೂಕು ಕೋರ್ಟುಗಳಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ನಾನು ಈ ಮಾತನ್ನು ಕೇಳಿದಷ್ಟು ‘ನ್ಯಾಯ ಸಿಕ್ಕಿತು’ ಎಂಬ ಮಾತನ್ನು ಕೇಳಿಲ್ಲ. ತೀರ್ಪಾದ ದಿನ ಸಂಜೆಯೊಳಗೆ ಸೋತವನ ಅರ್ಜಿ ನಕಲು ವಿಭಾಗಕ್ಕೆ ಬಂದಿರುತ್ತಿತ್ತು. ಗೆದ್ದವನದು ನಿಧಾನವಾಗಿ ಬರುತ್ತಿತ್ತು. ಕೇಸು ಮುಗಿಯಿತೆಂದು ನಂಬಿದವನಿಗೆ ನಕಲಿನ ಅವಸರ ಯಾಕೆ?

ಮೇಲಕ್ಕೆ ಹೋಗುವುದು ಆಜನ್ಮಸಿದ್ಧ ಹಕ್ಕು ಎಂದೇ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ದಾವೆ ಹೂಡಲು ಯಾವ ಕಾಯ್ದೆಯ ಅಪ್ಪಣೆಯೂ ಬೇಡ, ಕಾಯ್ದೆಯ ಅಡ್ಡಿ ಇಲ್ಲದಿದ್ದರೆ ಸಾಕು. ಅಪೀಲು ಮಾತ್ರ ಕಾಯ್ದೆ ಕೊಟ್ಟಿದ್ದರಷ್ಟೇ ಉಂಟು. 1974ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅದಕ್ಕೂ ಮೊದಲು 1957ರಲ್ಲಿ ಅದರ ಸಂವಿಧಾನ ಪೀಠ ಇನ್ನೊಂದು ಮಾತು ಹೇಳಿತ್ತು: ಕಾಯ್ದೆ ಕೊಟ್ಟ ಅಪೀಲಿನ ಹಕ್ಕು ದಾವೆ ಹೂಡಿದ ದಿನವೇ ಕಕ್ಷಿದಾರನದಾಗುತ್ತದೆ, ಹೊಸ ಕಾಯ್ದೆ ನೇರವಾಗಿ ಅಥವಾ ಅನಿವಾರ್ಯ ಸೂಚನೆಯಿಂದ ಅದನ್ನು ಕಿತ್ತುಕೊಳ್ಳದ ಹೊರತು ಅದು ಹೋಗುವುದಿಲ್ಲ. ಅಂದರೆ ಸಂಸತ್ತು ಕೊಟ್ಟದ್ದನ್ನು ಸಂಸತ್ತು ಕಿರಿದು ಮಾಡಬಹುದು. ಮಾಡುತ್ತಲೂ ಬಂದಿದೆ.

ಹಳಬರು ಈಗಲೂ ಮುನ್ಸೀಫ್ ಕೋರ್ಟು ಎಂದೇ ಕರೆಯುವ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಓ.ಎಸ್. ನಂಬರಿನ ದಾವೆ ನಡೆಯುತ್ತದೆ. ಸೋತರೆ 30 ದಿನದೊಳಗೆ ಆರ್.ಎ., ಅಂದರೆ ಮೊದಲ ಮೇಲ್ಮನವಿ. ಬಹುಪಾಲು ಅದೇ ಕಾಂಪೌಂಡಿನೊಳಗಿನ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ. ಅಲ್ಲೂ ಸೋತರೆ 90 ದಿನದೊಳಗೆ ಹೈಕೋರ್ಟಿಗೆ ಆರ್.ಎಸ್.ಎ., ಅಂದರೆ ಎರಡನೇ ಮೇಲ್ಮನವಿ. ಮೊದಲನೆಯದರಲ್ಲಿ ಇಡೀ ಕೇಸು ಮತ್ತೆ ತೆರೆದುಕೊಳ್ಳುತ್ತದೆ. ಸಾಕ್ಷಿ ಪಾಟೀಸವಾಲಿನಲ್ಲಿ ಒಪ್ಪಿಕೊಂಡದ್ದೇನು, ಪಹಣಿಯ ನಮೂದು ನಂಬುವಂಥದ್ದೇ, ಕೋರ್ಟ್ ಕಮಿಷನರ್ ಹಾಕಿದ ನಕ್ಷೆ ಚಕ್ಕುಬಂದಿಗೆ ಹೊಂದುತ್ತದೆಯೇ, ಎಲ್ಲವನ್ನೂ ಹೊಸದಾಗಿ ತೂಗಬಹುದು. ಎರಡನೆಯದರಲ್ಲಿ ಇದಾವುದಕ್ಕೂ ಜಾಗವಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಂತೆ ಅಲ್ಲಿ ‘ಕಾನೂನಿನ ಮಹತ್ವದ ಪ್ರಶ್ನೆ’ಯೊಂದು ಇರಬೇಕು, ಅದನ್ನು ಹೈಕೋರ್ಟು ಬರೆದಿಡಬೇಕು, ವಾದ ಅದರ ಮೇಲಷ್ಟೇ ನಡೆಯಬೇಕು.

1908ರ ಸಂಹಿತೆಯಲ್ಲಿ ಇಷ್ಟು ಬಿಗಿ ಇರಲಿಲ್ಲ. ಕೆಳಗಿನ ತೀರ್ಪು ಕಾನೂನಿಗೆ ವಿರುದ್ಧವಾಗಿದೆ ಎಂದರೆ ನಡೆಯುತ್ತಿತ್ತು, ಹಾಗೆ ಹೇಳಿಕೊಂಡು ಸಾಕ್ಷ್ಯದ ಜಗಳವೆಲ್ಲ ಹೈಕೋರ್ಟಿನವರೆಗೆ ಹೋಗುತ್ತಿತ್ತು. 1973ರಲ್ಲಿ ಕಾನೂನು ಆಯೋಗ ತನ್ನ 54ನೇ ವರದಿಯಲ್ಲಿ ಇದನ್ನು ಬಿಗಿಗೊಳಿಸಿ ಎಂದಿತು. 1976ರ ತಿದ್ದುಪಡಿ ಬಂತು, 1977ರ ಫೆಬ್ರುವರಿ 1ರಿಂದ ಜಾರಿಯಾಯಿತು. 2002ರಲ್ಲಿ ಇನ್ನಷ್ಟು ಬಾಗಿಲು ಮುಚ್ಚಿದವು: ಹೈಕೋರ್ಟಿನ ಏಕಸದಸ್ಯ ಪೀಠ ಅಪೀಲಿನಲ್ಲಿ ಕೊಟ್ಟ ತೀರ್ಪಿನ ಮೇಲೆ ಅದೇ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗುವಂತಿಲ್ಲ, 25,000 ರೂಪಾಯಿವರೆಗಿನ ಹಣ ವಸೂಲಿ ದಾವೆಗೆ ಎರಡನೇ ಅಪೀಲೇ ಇಲ್ಲ.

ಈ ಬಿಗಿಯನ್ನು ಬೈಯುವವರ ಗುಂಪಿಗೆ ನಾನು ಸೇರಿದವನಲ್ಲ. ನಿಯಮ ಸರಿಯಾಗಿದೆ. ಅದನ್ನು ನಡೆಸುತ್ತಿರುವ ರೀತಿಯ ಮೇಲೆ ನನ್ನ ತಕರಾರು.

ಬದುವಿನ ದಾವೆಯನ್ನೇ ತೆಗೆದುಕೊಳ್ಳಿ. ಅಕ್ಕಪಕ್ಕದ ಎರಡು ಹೊಲ, ನಡುವೆ ಒಂದು ಬದು, ಪ್ರತಿ ವರ್ಷ ಗಳೆ ಹೊಡೆಯುವಾಗ ಒಬ್ಬ ಒಂದೊಂದು ಸಾಲು ಒತ್ತುತ್ತಾ ಬಂದ. ಬಾಂದು ಕಲ್ಲು ಎಲ್ಲಿತ್ತು ಎಂಬುದೇ ಇಡೀ ಕೇಸು. ಇದನ್ನು ನೋಡಿ ಹೇಳಬೇಕಾದವರು ಸರ್ವೆಯವರು, ಊರ ಹಿರಿಯರು, ಪಕ್ಕದ ಹೊಲದವರು; ಅವರ ಮಾತನ್ನು ಕಿವಿಯಾರೆ ಕೇಳಿದ್ದು ತಾಲ್ಲೂಕಿನ ನ್ಯಾಯಾಧೀಶರು. ಒಂದು ಕೋರ್ಟು ಕೇಳಿ, ಇನ್ನೊಂದು ಕೋರ್ಟು ಪರೀಕ್ಷಿಸಿ, ಎರಡೂ ಒಂದೇ ಮಾತು ಹೇಳಿದ ಮೇಲೆ ಮೂರನೆಯದು ಕಡತ ಓದಿ ಕಲ್ಲನ್ನು ಅತ್ತಿತ್ತ ಸರಿಸುವುದರಲ್ಲಿ ಅರ್ಥವಿಲ್ಲ. ಅಲ್ಲಿಗೆ ಕೈ ಬಿಡಬೇಕು.

ಕೈ ಬಿಡುವುದಿಲ್ಲ. ‘ಬಾಂದು ಕಲ್ಲು ಎಲ್ಲಿತ್ತು’ ಎಂದು ಹೈಕೋರ್ಟಿನಲ್ಲಿ ಕೇಳುವಂತಿಲ್ಲವಲ್ಲ. ಆದ್ದರಿಂದ ‘ವಾದಿಯ ಸಾಕ್ಷ್ಯವನ್ನು ಪರಿಗಣಿಸದೆ ಕೆಳ ನ್ಯಾಯಾಲಯಗಳು ಬಾಂದು ಕಲ್ಲಿನ ಬಗ್ಗೆ ತೀರ್ಮಾನಕ್ಕೆ ಬಂದದ್ದು ಕಾನೂನುಸಮ್ಮತವೇ?’ ಎಂದು ಬರೆದರೆ ಅದು ಕಾನೂನಿನ ಪ್ರಶ್ನೆಯಾಗಿ ನಿಲ್ಲುತ್ತದೆ. ಈ ಕಸುಬು ಬಲ್ಲ ವಕೀಲರನ್ನು ನಾನು ಕಂಡಿದ್ದೇನೆ, ಅವರ ಬುದ್ಧಿಯ ಬಗ್ಗೆ ನನಗೆ ಗೌರವವಿದೆ. ಸಾಕ್ಷ್ಯವೇ ಇಲ್ಲದೆ ಅಥವಾ ಸಾಕ್ಷ್ಯಕ್ಕೆ ತೀರಾ ವಿರುದ್ಧವಾಗಿ ಬಂದ ತೀರ್ಮಾನವೂ ಕಾನೂನಿನ ಪ್ರಶ್ನೆಯೇ ಎಂದು ಸುಪ್ರೀಂ ಕೋರ್ಟ್ ಒಪ್ಪಿರುವುದರಿಂದ ಇದು ಬರೀ ಚಾಲಾಕಿಯೂ ಅಲ್ಲ. ನಿಜವಾದದ್ದನ್ನೂ ಬಣ್ಣ ಬಳಿದದ್ದನ್ನೂ ಬೇರೆ ಮಾಡಲಿ ಎಂದೇ ಅಡ್ಮಿಷನ್ ಹಂತ ಇರುವುದು. ಮೊದಲ ಒಂದೆರಡು ವಿಚಾರಣೆಯಲ್ಲಿ ಪ್ರಶ್ನೆ ಇದೆ ಅಥವಾ ಇಲ್ಲ ಎಂದು ಹೇಳಿ ಮುಗಿಸುವ ಹಂತ ಅದು. ಆ ಹಂತದಲ್ಲೇ ಕೇಸುಗಳು ವರ್ಷಗಟ್ಟಲೆ ಮಲಗುತ್ತವೆ.

ಹೀಗೆ ಮಲಗಿದಾಗ ಕೆಳಗೆ ಏನಾಗುತ್ತದೆ ಎಂಬುದು ಮೇಲಿನವರಿಗೆ ಕಾಣುವುದಿಲ್ಲ, ನಮ್ಮಂಥ ಗುಮಾಸ್ತರಿಗೆ ಕಾಣುತ್ತದೆ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಗೆ ತಡೆ ಬೀಳುವುದಿಲ್ಲ ಎಂದು ಸಂಹಿತೆಯ 41ನೇ ಆದೇಶದ 5ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬಾಯಲ್ಲಿ ಹೇಳಲು ಚೆಂದ. ಮೇಲಿನ ಕೋರ್ಟು ಕೆಳಗಿನ ಕಡತ ತರಿಸಿಕೊಂಡಿತೆಂದುಕೊಳ್ಳಿ. ಓ.ಎಸ್. ಕಡತ, ಆರ್.ಎ. ಕಡತ, ನಿಶಾನೆ ಹಾಕಿದ ದಾಖಲೆಗಳು, ಕಮಿಷನರ್ ನಕ್ಷೆ, ಎಲ್ಲವನ್ನೂ ಪಟ್ಟಿ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಅರಗು ಒತ್ತಿ ನಾವೇ ಕಳಿಸಿಕೊಡುತ್ತಿದ್ದೆವು. ಆಮೇಲೆ ಡಿಕ್ರಿದಾರ ಅಮಲ್ಜಾರಿ ಅರ್ಜಿ, ನಮ್ಮ ಕಡೆ ದರಖಾಸ್ತು ಎನ್ನುತ್ತಾರೆ, ಅದನ್ನು ಹಿಡಿದು ಬಂದರೆ ‘ರೆಕಾರ್ಡು ಹೈಕೋರ್ಟಿಗೆ ಹೋಗಿದೆ, ಬರಲಿ’ ಎಂದು ಮುಂದಿನ ತಾರೀಖು. ತಡೆಯಾಜ್ಞೆಯೇ ಇಲ್ಲದೆ ಡಿಕ್ರಿ ನಿಂತುಬಿಡುತ್ತದೆ. ಒಬ್ಬ ಮುದುಕ ಪ್ರತಿ ತಾರೀಖಿಗೂ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ. ‘ಗೆದ್ದೀನಲ್ರೀ ಸಾಹೇಬ್ರ, ಎರಡ್ ಸಲ ಗೆದ್ದೀನಿ. ಹೊಲ ಯಾವಾಗ ಸಿಗ್ತೇತ್ರೀ?’ ಬೇಲೀಫನನ್ನು ಕಳಿಸುವುದು ನನ್ನ ಕೈಯಲ್ಲಿರಲಿಲ್ಲ. ಆ ಹೊಲದಲ್ಲಿ ಮುಂಗಾರಿಗೆ ಸೋತವನೇ ಗೋವಿನಜೋಳ ಬಿತ್ತುತ್ತಿದ್ದ.

ಸೋತವನ ಲೆಕ್ಕ ಅರ್ಥವಾಗುವಂಥದ್ದೇ. ಎರಡನೇ ಅಪೀಲಿನಲ್ಲಿ ಗೆಲ್ಲುತ್ತೇನೆಂದು ಅವನೂ ನಂಬಿರುವುದಿಲ್ಲ. ಅಪೀಲು ಬಾಕಿ ಇರುವವರೆಗೆ ಬೆಳೆ ಅವನದು, ಬಾಡಿಗೆ ಮನೆಯಾದರೆ ಹಳೆಯ ಬಾಡಿಗೆಯಲ್ಲೇ ವಾಸ. ವಕೀಲರ ಫೀಸು, ಕೋರ್ಟ್ ಶುಲ್ಕ ಕಳೆದರೂ ಲಾಭವೇ. ದೆಹಲಿಯ ಬಾಡಿಗೆ ಪ್ರಕರಣವೊಂದರಲ್ಲಿ 2004ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಮದ್ದು ಹೇಳಿತ್ತು: ಖಾಲಿ ಮಾಡು ಎಂಬ ಡಿಕ್ರಿಯಾದ ಮೇಲೆ ಹಳೆಯ ಬಾಡಿಗೆಯ ಮಾತು ಬೇಡ, ತಡೆ ಬೇಕಾದರೆ ಆ ಜಾಗಕ್ಕೆ ಇವತ್ತು ಬರುವ ಬಾಡಿಗೆಯ ದರದಲ್ಲಿ ಹಣ ಕಟ್ಟಲು ಹೇಳಬಹುದು. ಹೊಲಕ್ಕೂ ಇದನ್ನೇ ಅನ್ವಯಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ತಡೆ ಬೇಕೇ, ವರ್ಷದ ಉತ್ಪನ್ನದ ಹಣವನ್ನು ಕೋರ್ಟಿನಲ್ಲಿ ಇಡು. ಹೀಗೆ ಮಾಡಿದರೆ ಎಷ್ಟು ಅಪೀಲುಗಳು ತಾವಾಗಿಯೇ ಕರಗುತ್ತವೆ ಎಂದು ನೋಡುವ ಕುತೂಹಲ ನನಗಿದೆ.

2008ರವರೆಗೆ ನಮ್ಮ ಕಡೆಯ ಅಪೀಲುಗಳೆಲ್ಲ ಬೆಂಗಳೂರಿಗೆ. ರಾತ್ರಿ ಬಸ್ಸು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಹೈಕೋರ್ಟು, ಮತ್ತೆ ರಾತ್ರಿ ಬಸ್ಸು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಅವು ಕಾಯಂ ಆದವು. ಅದಕ್ಕಾಗಿ ನಡೆದ ಹೋರಾಟ ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತಿರವಾದದ್ದು ಇಬ್ಬರಿಗೂ: ನಿಜವಾದ ಪ್ರಶ್ನೆ ಇದ್ದವನಿಗೂ, ಕಾಲ ತಳ್ಳಬೇಕಾದವನಿಗೂ. ಬೆಂಗಳೂರಿನ ದಾರಿಖರ್ಚೇ ಹಿಂದೆ ಕೆಲವರನ್ನು ತಡೆಯುತ್ತಿತ್ತು. ಅದು ಬಡವನನ್ನಷ್ಟೇ ತಡೆಯುವ ಕೆಟ್ಟ ತಡೆ, ಹೋದದ್ದೇ ಒಳ್ಳೆಯದು. ಅದರ ಜಾಗದಲ್ಲಿ ನೇರವಾದ ತಡೆ, ಅಂದರೆ ಬೇಗ ಮುಗಿಯುವ ಅಡ್ಮಿಷನ್ ಬರಬೇಕಿತ್ತು.

ಈಗ ನನ್ನ ವಾದಕ್ಕೆ ಎದುರು ನಿಲ್ಲುವ ಪ್ರಕರಣವೊಂದನ್ನು ಹೇಳಲೇಬೇಕು. ಕರ್ನಾಟಕದಿಂದ ಹೋದದ್ದು. 2002ರಲ್ಲಿ ಹೂಡಿದ ಪಾಲಿನ ದಾವೆ. ಮನೆಯ ಇಬ್ಬರು ಹೆಣ್ಣುಮಕ್ಕಳು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ಹುಟ್ಟಿದವರು, ಅವರಿಗೆ ಪಾಲಿಲ್ಲ ಎಂದು 2007ರಲ್ಲಿ ವಿಚಾರಣಾ ಕೋರ್ಟು ಹೇಳಿತು. 2012ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ದಾವೆ ನಡೆಯುತ್ತಿದ್ದಾಗಲೇ, 2005ರಲ್ಲಿ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು ಕಾಯ್ದೆ ತಿದ್ದುಪಡಿಯಾಗಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪಾಲು ಕೊಟ್ಟಿತು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಆ ಗೊಂದಲವನ್ನು ಮುಗಿಸಿತು. ಎರಡು ಕೋರ್ಟಿನಲ್ಲಿ ಸೋತವರು ಮೂರನೆಯದರಲ್ಲಿ ಗೆದ್ದರು. ಎರಡು ಸಾಕು ಎನ್ನುವ ನನ್ನಂಥವನು ಆ ಹೆಣ್ಣುಮಕ್ಕಳಿಗೆ ಏನು ಹೇಳಬೇಕು?

ನಾನು ಹೇಳುವುದು ಇಷ್ಟೇ: ನಿಮ್ಮದು ಬಾಂದು ಕಲ್ಲಿನ ಪ್ರಶ್ನೆಯಾಗಿರಲಿಲ್ಲ. ಯಾರು ಹುಟ್ಟಿದರು, ಯಾವಾಗ ಹುಟ್ಟಿದರು, ತಂದೆ ಯಾವಾಗ ತೀರಿಕೊಂಡರು, ಯಾವುದರಲ್ಲೂ ಜಗಳವಿರಲಿಲ್ಲ. ಕಾನೂನು ಏನು ಹೇಳುತ್ತದೆ ಎಂಬುದೊಂದೇ ಜಗಳ. ಅಂಥ ಪ್ರಶ್ನೆಗೆ ಮೇಲಿನ ಬಾಗಿಲು ಅಗಲವಾಗಿ ತೆರೆದಿರಬೇಕು, ಬೇಗ ತೆರೆಯಬೇಕು. ಅವರ ಪ್ರಶ್ನೆಯೂ ಬದುವಿನ ಜಗಳಗಳೂ ಒಂದೇ ಸಾಲಿನಲ್ಲಿ ನಿಂತು ಒಂದೇ ವೇಗದಲ್ಲಿ ಸರಿದರೆ, ತೊಂದರೆಯಾಗುವುದು ಅವರಿಗೇ. 2002ರಿಂದ 2018ರವರೆಗೆ ಆದದ್ದು ಅದೇ.

ಇದೇ ಕಾರಣಕ್ಕೆ 25,000 ರೂಪಾಯಿಯ ನಿಯಮ ನನಗೆ ಒಪ್ಪಿಗೆಯಿಲ್ಲ. ಸಂತೆಯಲ್ಲಿ ಕೂತು ತರಕಾರಿ ಮಾರುವ ಹೆಂಗಸು 20,000 ಸಾಲ ತೀರಿಸಿದ್ದಾಳೆ, ಕೊಟ್ಟವನು ಹಳೆಯ ಕೈಚೀಟಿ ಹಿಡಿದು ಮತ್ತೆ ದಾವೆ ಹೂಡುತ್ತಾನೆ, ಕೆಳಗಿನ ಎರಡೂ ಕೋರ್ಟುಗಳು ಕಾಲಮಿತಿಯ ಕಾನೂನನ್ನೇ ತಪ್ಪಾಗಿ ಓದುತ್ತವೆ ಎಂದಿಟ್ಟುಕೊಳ್ಳಿ. ಶುದ್ಧ ಕಾನೂನಿನ ಪ್ರಶ್ನೆ. ಆದರೂ 102ನೇ ಕಲಮು ಅವಳಿಗೆ ಎರಡನೇ ಅಪೀಲಿಲ್ಲ ಎನ್ನುತ್ತದೆ. ಪಕ್ಕದಲ್ಲೇ, ಅದಕ್ಕಿಂತ ಕಡಿಮೆ ಬೆಲೆಯ ಅರ್ಧ ಗುಂಟೆ ಜಾಗದ ಜಗಳ ಹೈಕೋರ್ಟಿನವರೆಗೆ ಹೋಗಬಹುದು, ಏಕೆಂದರೆ ಅದು ಹಣದ ದಾವೆಯಲ್ಲ.

ಮೇಲ್ಮಟ್ಟದಲ್ಲಿ ಈ ರೂಪಾಯಿ ಲೆಕ್ಕವನ್ನು ನಾವು ಎಂದೋ ಬಿಟ್ಟಿದ್ದೇವೆ. ಸಂವಿಧಾನದ 133ನೇ ವಿಧಿಯಲ್ಲಿ ಮೊದಲು, ವ್ಯಾಜ್ಯದ ಬೆಲೆ 20,000 ರೂಪಾಯಿಗೆ ಕಡಿಮೆ ಇಲ್ಲದಿದ್ದರೆ ಸುಪ್ರೀಂ ಕೋರ್ಟಿಗೆ ಸಿವಿಲ್ ಅಪೀಲಿನ ದಾರಿ ಇತ್ತು. 1972ರಲ್ಲಿ ಸಂವಿಧಾನದ 30ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಣವಂತನ ಕೇಸಿಗೆ ಬೆಲೆಯಿಂದಲೇ ಪ್ರವೇಶ ಸಿಗಬಾರದು, ಸಾರ್ವತ್ರಿಕ ಮಹತ್ವದ ಕಾನೂನು ಪ್ರಶ್ನೆ ಇರಬೇಕು ಎಂದಾಯಿತು. ದೆಹಲಿಯಲ್ಲಿ ಬೇಡವಾದ ಅಳತೆಗೋಲು ಹಾವೇರಿಯ ತರಕಾರಿಯವಳಿಗೆ ಮಾತ್ರ ಯಾಕೆ? ಎರಡನೇ ಅಪೀಲಿಗೆ ಕಾನೂನಿನ ಪ್ರಶ್ನೆಯೇ ಜರಡಿ ಎಂದ ಮೇಲೆ ಎಲ್ಲರಿಗೂ ಅದೊಂದೇ ಜರಡಿ ಇರಲಿ. 102ನೇ ಕಲಮು ತೆಗೆದರೆ ಹೈಕೋರ್ಟು ಮುಳುಗಿಹೋಗುತ್ತದೆ ಎಂದು ನನಗನ್ನಿಸುವುದಿಲ್ಲ. ಇಪ್ಪತ್ತು ಸಾವಿರಕ್ಕಾಗಿ ಧಾರವಾಡಕ್ಕೆ ಹೋಗುವವರು ಎಷ್ಟು ಮಂದಿ?

ಇನ್ನೊಂದು ವಿಚಿತ್ರವೂ ಇದೆ. ಪಂಜಾಬ್ ಮತ್ತು ಹರಿಯಾಣದಲ್ಲಿ ಎರಡನೇ ಅಪೀಲಿಗೆ ‘ಮಹತ್ವದ ಪ್ರಶ್ನೆ’ ಬರೆದಿಡುವ ಅಗತ್ಯವೇ ಇಲ್ಲ. ಅಲ್ಲಿ 1918ರ ಪಂಜಾಬ್ ಕೋರ್ಟುಗಳ ಕಾಯ್ದೆಯ ಹಳೆಯ ನಿಯಮವೇ ನಡೆಯುತ್ತದೆ ಎಂದು 2016ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಲೂಧಿಯಾನದ ರೈತನಿಗೆ ಒಂದು, ರಾಣೆಬೆನ್ನೂರಿನ ರೈತನಿಗೆ ಇನ್ನೊಂದು.

ಇಷ್ಟೆಲ್ಲ ಚರ್ಚೆ ಎರಡನೇ ಅಪೀಲಿನ ಸುತ್ತಲೇ ಸುತ್ತುತ್ತದೆ. ಅಸಲು ಕಾಯಿಲೆ ಇರುವುದು ಮೊದಲನೆಯದರಲ್ಲಿ. ‘ಮಹತ್ವದ ಪ್ರಶ್ನೆ’ ಎಂದರೇನು ಎಂದು ತಿಳಿಯಲು ಎಲ್ಲರೂ ಎತ್ತಿಕೊಳ್ಳುವ 2001ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ವಾದಕ್ಕೆ ಆಸ್ಪದವಿರಬೇಕು, ಈಗಾಗಲೇ ಇತ್ಯರ್ಥವಾದದ್ದಾಗಿರಬಾರದು, ಕೇಸಿನ ಫಲಿತಾಂಶಕ್ಕೆ ತಾಗುವಂತಿರಬೇಕು ಎಂದು ಅದು ವಿವರಿಸುತ್ತದೆ. ಅದೇ ತೀರ್ಪು ಮೊದಲ ಅಪೀಲಿನ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಿದೆ: ಅಲ್ಲಿ ಸಂಗತಿ, ಕಾನೂನು ಎರಡೂ ಪೂರ್ತಿ ತೆರೆದಿರುತ್ತವೆ, ನ್ಯಾಯಾಧೀಶರು ಮನಸ್ಸಿಟ್ಟು ನೋಡಿದ್ದು ತೀರ್ಪಿನಲ್ಲಿ ಕಾಣಬೇಕು, ಪ್ರತಿ ವಿವಾದಾಂಶಕ್ಕೂ ಕಾರಣ ಕೊಡಬೇಕು. ಎರಡನೇ ಬಾಗಿಲನ್ನು ಕಿರಿದು ಮಾಡಬಹುದಾದದ್ದು ಮೊದಲನೆಯದು ಹೀಗೆ ನಡೆಯುತ್ತದೆ ಎಂಬ ಭರವಸೆಯ ಮೇಲೆ.

ಹಿರಿಯ ಸಿವಿಲ್ ನ್ಯಾಯಾಧೀಶರ ದಿನವನ್ನು ಹತ್ತಿರದಿಂದ ನೋಡಿದವನು ಹೇಳುತ್ತೇನೆ. ಬೆಳಿಗ್ಗೆ ಬೋರ್ಡಿನಲ್ಲಿ ತಮ್ಮದೇ ಓ.ಎಸ್. ದಾವೆಗಳು, ಪಾಲಿನ ಕೇಸುಗಳ ಸಾಕ್ಷಿ, ಅಪಘಾತ ಪರಿಹಾರದ ಅರ್ಜಿಗಳು, ಭೂಸ್ವಾಧೀನದ ಪರಿಹಾರ, ನಡುವೆ ಕ್ರಿಮಿನಲ್ ಕೇಸುಗಳು, ಲೋಕ ಅದಾಲತ್ತಿನ ಗುರಿ. ಆರ್.ಎ. ಎಂಬುದು ಮಧ್ಯಾಹ್ನದ ಮೇಲಿನ ಮಾತು. ‘ಲಿಖಿತ ವಾದ ಕೊಡಿ’ ಎನ್ನುತ್ತಾರೆ, ತೀರ್ಪು ಬರುತ್ತದೆ. ಕೆಲವು ತೀರ್ಪುಗಳಲ್ಲಿ ವಿಚಾರಣಾ ಕೋರ್ಟಿನ ತೀರ್ಪೇ ಉದ್ದಕ್ಕೂ ಮರುಬರಹವಾಗಿರುತ್ತದೆ, ಕೊನೆಗೆ ‘ಮಧ್ಯಪ್ರವೇಶಕ್ಕೆ ಕಾರಣ ಕಾಣದು’ ಎಂಬ ಸಾಲು. ಎಲ್ಲರೂ ಹೀಗಲ್ಲ. ರಾತ್ರಿ ಮನೆಗೆ ಕಡತ ಒಯ್ದು ಸಾಕ್ಷಿಯ ಒಂದೊಂದು ಸಾಲನ್ನೂ ಓದಿ ಬರೆದವರೊಂದಿಗೆ ಕೆಲಸ ಮಾಡಿದ್ದೇನೆ. ಆದರೆ ಒಬ್ಬ ನ್ಯಾಯಾಧೀಶರ ನಿದ್ದೆಯ ಮೇಲೆ ಕಕ್ಷಿದಾರನ ಹಕ್ಕು ನಿಲ್ಲಬಾರದು. ಕಾರಣ ಬರೆಯದ ಆರ್.ಎ. ತೀರ್ಪು ಹೈಕೋರ್ಟಿನಲ್ಲಿ ಬಿದ್ದು ಹೋಗುತ್ತದೆ, ಕೇಸು ಮರುವಿಚಾರಣೆಗೆ ಕೆಳಗೆ ಬರುತ್ತದೆ. ಪ್ರಶ್ನೆ ಬರೆಯದೆ ಹೈಕೋರ್ಟು ಅಪೀಲನ್ನು ಪುರಸ್ಕರಿಸಿದರೆ ಸುಪ್ರೀಂ ಕೋರ್ಟು ಅದನ್ನು ಹಿಂದಕ್ಕೆ ಕಳಿಸುತ್ತದೆ. ಇಂಥ ಆದೇಶಗಳು ಬೇಕಾದಷ್ಟಿವೆ. ಒಂದು ಮೆಟ್ಟಿಲಿನಲ್ಲಿ ಉಳಿಸಿದ ಒಂದು ಮಧ್ಯಾಹ್ನಕ್ಕೆ ಮುಂದೆ ತೆರಬೇಕಾದದ್ದು ವರ್ಷಗಳನ್ನು.

ಆದ್ದರಿಂದ ದುಡ್ಡು, ಜನ, ಸಮಯ ಇದ್ದರೆ ಮೊದಲು ಹಾಕಬೇಕಾದದ್ದು ಇಲ್ಲಿಗೆ. ಜಿಲ್ಲೆಗೊಬ್ಬರು ಅಪೀಲನ್ನಷ್ಟೇ ಕೇಳುವ ನ್ಯಾಯಾಧೀಶರು ಇರಲಿ. ಬಾಯಿಮಾತಿನ ವಾದಕ್ಕೆ ಅರ್ಧ ದಿನವಾದರೂ ಸಿಗಲಿ. ಈಗ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ. ಹೈಕೋರ್ಟಿಗೆ ಸ್ಕ್ಯಾನ್ ಪ್ರತಿ ಹೋಗಲಿ, ಮೂಲ ಕಡತ ತಾಲ್ಲೂಕಿನಲ್ಲೇ ಇರಲಿ, ದರಖಾಸ್ತು ನಿಲ್ಲದಿರಲಿ. 2021ರಲ್ಲಿ ಬೆಂಗಳೂರಿನ ಜಾಗವೊಂದರ ಎರಡು ದಶಕಗಳ ವ್ಯಾಜ್ಯವನ್ನು ಮುಗಿಸುವಾಗ ಸುಪ್ರೀಂ ಕೋರ್ಟು, ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ದೇಶದ ಎಲ್ಲ ಕೋರ್ಟುಗಳಿಗೆ ಹೇಳಿತು. 2025ರಲ್ಲಿ ಅದೇ ಸುಪ್ರೀಂ ಕೋರ್ಟು ಲೆಕ್ಕ ಕೇಳಿದಾಗ ದೇಶದಲ್ಲಿ 8.82 ಲಕ್ಷ ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಭಾರತದ ಕಕ್ಷಿದಾರನ ಕಷ್ಟ ಡಿಕ್ರಿ ಸಿಕ್ಕ ಮೇಲೆ ಶುರುವಾಗುತ್ತದೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಗುರುತಿಸಿತ್ತು.

ಸರ್ಕಾರವನ್ನೂ ಬಿಡುವಂತಿಲ್ಲ. ತಡವಾಗಿ ಬರುವ ಅಪೀಲುಗಳಲ್ಲಿ ಇಲಾಖೆಗಳದ್ದೇ ದೊಡ್ಡ ಕಟ್ಟು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಕಾನೂನು ಅಭಿಪ್ರಾಯ ಬರುವ ಹೊತ್ತಿಗೆ 90 ದಿನ ಎಂದೋ ಕಳೆದಿರುತ್ತದೆ, ವಿಳಂಬ ಮನ್ನಿಸಿ ಎಂಬ ಅರ್ಜಿ ಬರುತ್ತದೆ. ಕೆಂಪುಪಟ್ಟಿಯ ನೆಪ ಇನ್ನು ನಡೆಯದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಅಂಚೆ ಇಲಾಖೆಯ ಪ್ರಕರಣದಲ್ಲಿ ಗದರಿತ್ತು. ಅಧಿಕಾರಿಗೆ ಅಪೀಲು ಹಾಕದಿದ್ದರೆ ಆಡಿಟ್ ಭಯ, ಹಾಕಿ ಸೋತರೆ ಯಾರೂ ಕೇಳುವುದಿಲ್ಲ. ಅಪೀಲು ಹಾಕಬೇಡಿ ಎಂದು ಬರೆಯುವ ಧೈರ್ಯ ಮಾಡಿದ ಸರ್ಕಾರಿ ವಕೀಲರಿಗೆ ರಕ್ಷಣೆ ಕೊಡುವ ಸುತ್ತೋಲೆಯೊಂದು ಬಂದರೆ ಹೈಕೋರ್ಟಿನ ಬೋರ್ಡು ಹಗುರಾದೀತು.

ವಕೀಲ ಮಿತ್ರರು ನನ್ನ ಮೇಲೆ ಮುನಿಯಬಹುದು. ಅಡ್ಮಿಷನ್ನಿಗೆ ಗಡುವು ಹಾಕಿದರೆ ನ್ಯಾಯಮೂರ್ತಿಗಳು ಓದದೆ ವಜಾ ಮಾಡುತ್ತಾರೆ ಎಂಬುದು ಅವರ ಭಯ, ಅದು ಪೊಳ್ಳು ಭಯವಲ್ಲ. ಹಾಗಿದ್ದರೆ ವಜಾ ಮಾಡುವ ಆದೇಶದಲ್ಲೂ, ಅಪೀಲುದಾರ ಎತ್ತಿದ ಪ್ರಶ್ನೆ ಇದು, ಇದು ಕಾನೂನಿನ ಪ್ರಶ್ನೆಯಲ್ಲ ಏಕೆಂದರೆ ಹೀಗೆ ಎಂದು ಎರಡು ಪ್ಯಾರಾ ಬರೆಯಲಿ. ಮೂರು ತಿಂಗಳಲ್ಲಿ ಆ ಎರಡು ಪ್ಯಾರಾ ಬರದ ಆರ್.ಎಸ್.ಎ.ಗಳನ್ನು ಕಾಸ್ ಲಿಸ್ಟಿನಲ್ಲಿ ದಾಖಲಾದ ವರ್ಷದ ಸಮೇತ ಪ್ರತ್ಯೇಕ ತಲೆಬರಹದಡಿ ಹಾಕಲಿ. ಹಳೆಯದು ಮೇಲೆ, ಹೊಸದು ಕೆಳಗೆ. ಇದಕ್ಕೆ ಕಾಯ್ದೆ ತಿದ್ದಬೇಕಿಲ್ಲ, ರಿಜಿಸ್ಟ್ರಾರ್ ಕಚೇರಿಯ ಒಂದು ಆದೇಶ ಸಾಕು.